ಕಲ್ಲಿನ ಹಿಂಬದಿ

ಹೆಂಡತಿಯ ಹೆಸರು ಸಮಾಧಿ ಕಲ್ಲಿನ ಹಿಂಬದಿಗೆ ಬರುತ್ತದೆ ಎಂದು ಸೈನಿಕರ ಕಚೇರಿಯಿಂದ ಬಂದ ಹೆಂಗಸು ಹೇಳಿದಳು. ಮನೆಮಗ ಫೆಂಗ್ ಅದನ್ನು ತಮ್ಮ ಹ್ಮೋಂಗ್ ಮಾತಿಗೆ ತಿರುಗಿಸಿ ಹೇಳಿದಾಗ ಬ್ಲಿಯಾ ಒಲೆಯ ಮುಂದೆ ನಿಂತು ಕೋಳಿ ಸಾರಿನ ನೊರೆ ತೆಗೆಯುತ್ತಿದ್ದಳು. ಸೌಟು ಅಲ್ಲೇ ನಿಂತಿತು.

ಸೋಫಾದ ಮೇಲೆ ಅವಳ ಗಂಡ ನೆಂಗ್ ಚೂ ಥಾವ್ ಕೂತಿದ್ದ. ಲಕ್ವ ಹೊಡೆದು ಬಲಗೈ, ಬಲಗಾಲು ಹೋಗಿದ್ದವು, ಮಾತು ಮುಕ್ಕಾಲು ಹೋಗಿತ್ತು. ಆದರೂ ಆ ದಿನ ತಲೆಗೆ ಹಳೇ ಸೈನಿಕರ ಕೆಂಪು ಟೋಪಿ ಹಾಕಿಸಿಕೊಂಡಿದ್ದ. ಅವನ ಪಕ್ಕದಲ್ಲಿ ಕಿರಿಯ ಹೆಂಡತಿ ಪಾನ್ಯಾ. ಕಚೇರಿಯ ಹೆಂಗಸು ಪಾನ್ಯಾಳ ಕಾರ್ಡು ನೋಡಿ ಹೆಸರು ಬರೆದುಕೊಂಡು, ಎಲ್ಲಿ ಸಹಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದಳು. ಪಾನ್ಯಾ ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ಕೆತ್ತಿದ ಹಾಗೆ ಸಹಿ ಹಾಕಿದಳು.

ಹೊರಡುವಾಗ ಆ ಹೆಂಗಸು ಒಲೆಯ ಕಡೆ ತಿರುಗಿ ಒಳ್ಳೆಯ ಮನಸ್ಸಿನಿಂದಲೇ ಕೇಳಿದಳು, "ಇವರು?"

"ಅಪ್ಪನ ತಂಗಿ," ಎಂದ ಫೆಂಗ್ ಇಂಗ್ಲಿಷಿನಲ್ಲಿ.

"ಅಣ್ಣನ ಬಗ್ಗೆ ನಿಮಗೆ ಎಷ್ಟು ಹೆಮ್ಮೆಯಾಗಿರಬೇಕು!"

ಮೂವತ್ತು ವರ್ಷ ಶನಿವಾರದ ಸಂತೆಯಲ್ಲಿ ಸೊಪ್ಪು, ಸೌತೆ, ಮೆಣಸಿನಕಾಯಿ ಮಾರಿದವಳಿಗೆ ಅಷ್ಟು ಇಂಗ್ಲಿಷು ತಿಳಿಯದೆ ಇರುವುದಿಲ್ಲ. ಬ್ಲಿಯಾ ತಲೆ ಆಡಿಸಿದಳು. ಹಲ್ಲು ಕಚ್ಚಿಕೊಂಡೇ ಆಡಿಸಿದಳು.

ಬಾಗಿಲು ಹಾಕಿದ ಮೇಲೆ ಸಾರನ್ನು ತಂದು ಮೇಜಿನ ಮೇಲೆ ಕುಕ್ಕಿದಳು. "ಏನೇನ್ ಬರೆಸ್ದೆ, ಹೇಳು."

"ದೊಡ್ಡವ್ವ, ಅದು ಬರೀ ಕಾಗ್ದ."

"ಕಾಗ್ದನೇ ಕಲ್ಲಾಗತ್ತಂತಲ್ಲೋ ಈಗ."

ಫೆಂಗ್ ಪಾನ್ಯಾಳ ಹಿರಿಮಗ. ಐವತ್ತು ದಾಟಿದವನು, ಕಾರ್ಖಾನೆಯಲ್ಲಿ ಕಿಟಕಿ ಚೌಕಟ್ಟು ಜೋಡಿಸುವವನು, ಇಬ್ಬರು ತಾಯಂದಿರ ನಡುವೆ ಸಿಕ್ಕಿಕೊಂಡೇ ತಲೆ ಬೋಳಾಗಿಸಿಕೊಂಡವನು. ಅವನು ನಿಧಾನವಾಗಿ ಬಿಡಿಸಿ ಹೇಳಿದ. ಒಂದೇ ಗುಂಡಿ. ಆಳದಲ್ಲಿ ಒಬ್ಬರು, ಅವರ ಮೇಲೆ ಇನ್ನೊಬ್ಬರು. ಮುಂದುಗಡೆ ಸೈನಿಕನ ಹೆಸರು, ಹಿಂದುಗಡೆ ಹೆಂಡತಿಯದು. ಒಬ್ಬಳೇ ಹೆಂಡತಿ.

"ಮೇಲೆ ಮಲಗೋದು ಇವ್ಳಾ?" ಬ್ಲಿಯಾ ನಕ್ಕಳು. "ಸತ್ಮೇಲೂ ಬಿಡಲ್ವಲ್ಲೇ ನೀನು!"

"ಛೀ, ಮಗನ ಮುಂದೆ ಏನ್ ಮಾತಕ್ಕಾ ಇದು." ಎಪ್ಪತ್ತರ ಪಾನ್ಯಾಳ ಮುಖ ಕೆಂಪಾಯಿತು. "ನಾನೇನು ಕೇಳ್ಕೊಂಡು ಹೋಗಿದ್ನಾ?"

"ಯಾವತ್ತು ಕೇಳ್ಕೊಂಡು ಹೋಗಿದ್ದೆ ನೀನು? ಎಲ್ಲಾ ನಿನ್ನ ಮಡಿಲಿಗೆ ತಾನಾಗೇ ಬಂದು ಬೀಳತ್ತೆ."

ಮುದುಕ ಎಡಗೈ ಎತ್ತಿದ. ಬಾಯಿ ಸೊಟ್ಟ ಮಾಡಿಕೊಂಡು ಒಂದೇ ಒಂದು ಮಾತು ಹೊರಡಿಸಿದ. "ಬಾ... ಬಾವುಟ."

ಸೈನಿಕನ ಹೆಣದ ಪೆಟ್ಟಿಗೆಗೆ ಹೊದಿಸುವ ಬಾವುಟ, ಅವನಿಗೆ ಅದೊಂದೇ ಬೇಕಿತ್ತು. ಯಾಕೆ ಬೇಡ? ಹದಿನೇಳರ ಹ್ಮೋಂಗ್ ಹುಡುಗನ ಕೈಗೆ ಅಮೆರಿಕದ ಬಂದೂಕು ಕೊಟ್ಟು, ಲಾವೋಸಿನ ಬೆಟ್ಟದ ಮೇಲೆ ಹದಿನಾಲ್ಕು ವರ್ಷ ಕಾದಾಡಿಸಿದ್ದರು. ಬಿದ್ದ ವಿಮಾನಗಳಿಂದ ಬಿಳಿಯರನ್ನು ಬೆನ್ನ ಮೇಲೆ ಹೊತ್ತು ತಂದಿದ್ದ. ಆಮೇಲೆ ಅಂಥ ಯುದ್ಧವೇ ನಡೆದಿಲ್ಲ ಎಂದು ಹೇಳಿಕೊಂಡು ಬಂತು ಸರ್ಕಾರ. ಸೈನಿಕ ಎನ್ನುವ ಹೆಸರು ಕೊಡಲಿಲ್ಲ, ಪಿಂಚಣಿ ಕೊಡಲಿಲ್ಲ, ಸೈನಿಕರ ಆಸ್ಪತ್ರೆಯ ಬಾಗಿಲು ತೆಗೆಯಲಿಲ್ಲ. ಅಷ್ಟೆಲ್ಲ ವರ್ಷ ಸುಮ್ಮನಿದ್ದು, ಇನ್ನೇನು ಎಲ್ಲರೂ ಸಾಯುತ್ತಾರೆ ಎನ್ನುವಾಗ, ಸತ್ತ ಮೇಲೆ ನಿಮಗೂ ಸೈನಿಕರ ಸ್ಮಶಾನದಲ್ಲಿ ಆರಡಿ ಜಾಗ ಉಂಟು ಎಂದು ಹೊಸ ನಿಯಮ ತಂದಿತು. ಅವರೀಗ ಇರುವ ಅಮೆರಿಕದ ವಾಸಾ ಊರಿನ ಮುದುಕರೆಲ್ಲ ಅದಕ್ಕೇ ಕೂತು ಅತ್ತರು. ಹಂದಿ ಕಡಿದು ಊಟ ಹಾಕಿಸಿದರು. ಸಾಯುವುದಕ್ಕೆ ಇಷ್ಟು ಖುಷಿಪಟ್ಟ ಗಂಡಸರನ್ನು ಬ್ಲಿಯಾ ಹಿಂದೆಂದೂ ನೋಡಿರಲಿಲ್ಲ.

ಅವಳ ಸಂಕಟ ಬೇರೆ. ಲಾವೋಸಿನಲ್ಲಿ ನೆಂಗ್ ಚೂನ ಮೊದಲ ಹೆಂಡತಿ ಅವಳೇ. ಅವಳ ಕುಲ ಲೋರ್, ಅವನದು ಥಾವ್. ಅವರ ಜನರಲ್ಲಿ ಹೆಣ್ಣು ಮದುವೆಯಾದರೂ ಹುಟ್ಟಿದ ಕುಲದ ಹೆಸರು ಬಿಡುವುದಿಲ್ಲ. ಒಂದೇ ಕುಲದವರು ಅಣ್ಣತಂಗಿಯರ ಲೆಕ್ಕ, ಮದುವೆ ಮಾತೇ ಎತ್ತುವ ಹಾಗಿಲ್ಲ. ಒಂಬತ್ತು ವರ್ಷ ಅವನ ಜೊತೆ ಊರೂರು ಅಲೆದಳು. ಎರಡು ಮಕ್ಕಳಾದವು. ಸೇನೆಯ ಊರಾದ ಲಾಂಗ್ ಚೆಂಗ್‌ಗೆ ಬಂದ ವರ್ಷ, ಹೊಸವರ್ಷದ ಚೆಂಡಾಟಕ್ಕೆಂದು ನಾದಿನಿಗೆ ಬಟ್ಟೆಯ ಚೆಂಡು ಹೊಲಿದು ಕೊಟ್ಟಳು. ಅದು ಮದುವೆಯಾಗದ ಹುಡುಗ ಹುಡುಗಿಯರ ಆಟ. ನಾದಿನಿಯ ಕೈಯಿಂದ ಆ ಚೆಂಡು ಕಸಿದುಕೊಂಡು ನೆಂಗ್ ಚೂ ದಿನವಿಡೀ ಯಾರೋ ಷಿಯಾಂಗ್ ಕುಲದ ಹುಡುಗಿಗೆ ಎಸೆಯುತ್ತ ನಿಂತ. ಹದಿನೆಂಟರ ಹುಡುಗಿ. ಬೆಳ್ಳಿ ಹಾರದ ತುಂಬ ಬಿಸಿಲು. ಸಂಜೆಗೆ ಆ ಹುಡುಗಿ ಪಾನ್ಯಾ, ಬ್ಲಿಯಾಳ ಅಡಿಗೆಮನೆಯಲ್ಲಿ ಕೂತು "ಅಕ್ಕಾ" ಎಂದು ಕರೆದಳು.

ಯುದ್ಧ ಸೋತು ಓಡಿದಾಗ ಮಗಳು ಕಾಡಿನಲ್ಲಿ ಜ್ವರ ಬಂದು ಹೋದಳು. ಮೆಕಾಂಗ್ ನದಿ ದಾಟುವಾಗ ಬ್ಲಿಯಾಳ ಬೆನ್ನ ಮೇಲೆ ಪಾನ್ಯಾಳ ಮಗ ಫೆಂಗ್ ಇದ್ದ. ಪಾನ್ಯಾಳ ಎದೆಗೆ ಹಸುಗೂಸು ಕಟ್ಟಿತ್ತು. ಬ್ಲಿಯಾಳ ಆರು ವರ್ಷದ ಮಗ ಬಿದಿರಿನ ಕಟ್ಟು ಹಿಡಿದು ತಾನೇ ಈಜುತ್ತೇನೆ ಎಂದ. ದಡ ಸೇರಿದಾಗ ಬಿದಿರು ಮಾತ್ರ ಇತ್ತು.

ಥಾಯ್ಲೆಂಡಿನ ಶಿಬಿರದಲ್ಲಿ ಅಮೆರಿಕದವರು ಒಬ್ಬಳೇ ಹೆಂಡತಿಯನ್ನು ಬರೆಯಿರಿ ಎಂದರು. ನೆಂಗ್ ಚೂ ರಾತ್ರಿಯೆಲ್ಲ ಯೋಚಿಸಲಿಲ್ಲ, ಅರ್ಧ ಗಂಟೆಯೂ ಯೋಚಿಸಲಿಲ್ಲ. ಮಕ್ಕಳಿರುವವಳು ಹೆಂಡತಿ, ಮಕ್ಕಳಿಲ್ಲದವಳು ತಂಗಿ. ಅಂದಿನಿಂದ ಬ್ಲಿಯಾ ಕಾರ್ಡಿನಲ್ಲಿ ಬ್ಲಿಯಾ ಥಾವ್. ಗಂಡನ ಕುಲ, ಮದುವೆಯಾಗದ ಹೆಣ್ಣು. ವಾಸಾಗೆ ಬಂದು, ಜಿನ್ಸೆಂಗ್ ಎಂಬ ಔಷಧಿ ಬೇರಿನ ತೋಟದ ಕರಿ ನೆರಳುಬಟ್ಟೆಯ ಕೆಳಗೆ ಸೊಂಟ ಬಗ್ಗಿಸಿ ಗೇಯ್ದು, ಪಾನ್ಯಾಳ ಏಳು ಮಕ್ಕಳ ಕುಂಡೆ ತೊಳೆದು, ಮನೆಯ ಕೆಳಕೋಣೆಯಲ್ಲಿ ಮಲಗಿ ಬದುಕು ಕಳೆದಳು. ಬರೀ ಕಾಗದ, ಬರೀ ಕಾಗದ ಎಂದು ತನಗೆ ತಾನೇ ಹೇಳಿಕೊಂಡಳು. ಕಾಗದ ಇಲ್ಲಿಯವರದು, ಸತ್ತ ಮೇಲೆ ಯಾರು ಕೇಳುತ್ತಾರೆ ಎಂದುಕೊಂಡಿದ್ದಳು. ಈಗ ನೋಡಿದರೆ ಸತ್ತ ಮೇಲೆಯೇ ಕೇಳುತ್ತಾರಂತೆ.

ಮುಂದಿನ ಭಾನುವಾರ ಫೆಂಗ್‌ನನ್ನು ಕಾಡಿಸಿ ಕಾರಿನಲ್ಲಿ ಆ ಸ್ಮಶಾನಕ್ಕೆ ಹೋದಳು. ಬಿಳಿ ಕಲ್ಲುಗಳು, ಹಗ್ಗ ಹಿಡಿದು ನೆಟ್ಟ ಸಸಿಯ ಹಾಗೆ ಸಾಲು ಸಾಲು. ಬಂದವರೆಲ್ಲ ಮುಂದುಗಡೆ ನಿಂತು ಹೂವಿಡುತ್ತಿದ್ದರು. ಬ್ಲಿಯಾ ಹಿಂದುಗಡೆಯಿಂದ ನಡೆದಳು. ಓದಲು ಬರುತ್ತಿರಲಿಲ್ಲ. ಹೆಂಡತಿ ಎಂಬುದಕ್ಕೆ ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತಾರೆಂದು ಫೆಂಗ್‌ನ ಕೈಲಿ ಅಂಗೈ ಮೇಲೆ ಬರೆಸಿಕೊಂಡಿದ್ದಳು. ನಾಲ್ಕೇ ಅಕ್ಷರ. ಪ್ರತಿ ಕಲ್ಲಿನ ಹಿಂದೆ ಬಗ್ಗಿ, ಅಂಗೈ ನೋಡಿ, ಕಲ್ಲು ನೋಡಿ, ಇದೆ, ಇದೆ, ಇಲ್ಲಿ ಖಾಲಿ, ಇದೆ ಎಂದು ಹೇಳುತ್ತಾ ಹೋದಳು.

"ಇವ್ಳು ಯಾರೋ ಏನೋ," ಎಂದಳು ಒಂದು ಕಲ್ಲಿನ ಬಳಿ. "ಅವನಿಗೆ ಒಂದು ದಿನ ಗಂಜಿ ಕಾಯಿಸಿದ್ಳೋ ಇಲ್ವೋ. ನೋಡು, ಕಲ್ಲಲ್ಲಿ ಕೂತವ್ಳೆ."

"ದೊಡ್ಡವ್ವ, ಚಳಿ. ಕಾರಿಗೆ ಬಾ."

"ನಿಂಗೇನಪ್ಪ. ನಿಂಗೆ ಇಬ್ಬರು ತಾಯಿ ಇದ್ರೂ ಕಲ್ಲಲ್ಲಿ ಒಬ್ಬಳೇ ಸಾಕು."

ಫೆಂಗ್ ಹೋಗಿ ಕಾರಿನ ಬಾಗಿಲು ತೆಗೆದು ಹಿಡಿದ. ಹೇಳಬಹುದಾಗಿತ್ತು: ನಿಜ ಹೇಳಿದರೆ ಶಿಬಿರದಲ್ಲಿ ಸುಳ್ಳು ಬರೆಸಿದ್ದು ಹೊರಬೀಳುತ್ತದೆ, ಅಪ್ಪನ ಪೌರತ್ವಕ್ಕೇ ಕುತ್ತು, ಆಮೇಲೆ ಯಾವ ಕಲ್ಲೂ ಇಲ್ಲ. ಅದು ಬ್ಲಿಯಾಗೂ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಹೊಟ್ಟೆಯಲ್ಲಿ ಬೆಂಕಿ ಇನ್ನೂ ಜೋರಾಗಿ ಉರಿಯಿತು. ಪಾನ್ಯಾ ಬಟ್ಟೆ ಮಡಿಸುವುದು ಕಂಡರೂ ಆಗುತ್ತಿರಲಿಲ್ಲ, ಕೆಮ್ಮಿದರೂ ಆಗುತ್ತಿರಲಿಲ್ಲ. ಆ ಚಳಿಗಾಲ ಪೂರ್ತಿ ಇಬ್ಬರ ನಡುವೆ ಮಾತು ಉಪ್ಪು, ಅಕ್ಕಿ, ಔಷಧಿ, ಇಷ್ಟರಲ್ಲೇ ಮುಗಿಯಿತು.

ಏಪ್ರಿಲ್‌ನಲ್ಲಿ, ರಸ್ತೆಬದಿಯ ಹಿಮ ಕಪ್ಪಾಗಿ ಕರಗುವ ಹೊತ್ತಿಗೆ, ನೆಂಗ್ ಚೂ ಸತ್ತ.

ಸರ್ಕಾರದ ಕಡೆಯದೆಲ್ಲ ಸಿದ್ಧವಾಗಿತ್ತು. ಜಾಗದ ನಂಬರು, ಸೋಮವಾರ ಹನ್ನೊಂದು ಗಂಟೆ, ಬಂದೂಕು ಹಾರಿಸುವ ಏಳು ಜನ, ಎಲ್ಲಾ ಬರೆದು ಇಟ್ಟಿದ್ದರು. ತಮ್ಮ ಕಡೆಯದು ಮಾತ್ರ ಯಾರೂ ಬರೆದಿರಲಿಲ್ಲ. ಸತ್ತ ಮೇಲೆ ನಡೆಯುವ ದಾರಿಯನ್ನು ಬದುಕಿದ್ದಾಗಲೇ ಕೇಳುವುದು ಅಪಶಕುನ. ಹಾಗಾಗಿ ಕಚೇರಿಯ ಅರ್ಜಿಗೆ ಹತ್ತು ಸಹಿ ಹಾಕಿದ ಮನೆಯಲ್ಲಿ, ಮುದುಕ ಯಾವ ಯಾವ ಊರಲ್ಲಿ ಬದುಕಿದ್ದ ಎಂದು ಒಬ್ಬನೂ ಕೇಳಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹ್ಮೋಂಗ್ ಜನರ ಸಾವಿನ ಛತ್ರ ತುಂಬಿತು. ನೆಂಗ್ ಚೂನನ್ನು ಮರದ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಅದಕ್ಕೆ ಒಂದೂ ಮೊಳೆ ಹೊಡೆದಿರಲಿಲ್ಲ. ಲೋಹ ತಾಗಿದರೆ ಸತ್ತವನಿಗೆ ಮುಂದಿನ ಜನ್ಮದಲ್ಲಿ ಅದೇ ಗಾಯವಾಗುತ್ತದೆ. ಹಿಂದಿನ ದಿನ ಬ್ಲಿಯಾ ಅವನ ಸೇನೆಯ ಅಂಗಿಯ ಹಿತ್ತಾಳೆ ಗುಂಡಿಗಳನ್ನೆಲ್ಲ ಕತ್ತರಿಸಿ, ಬಟ್ಟೆಯ ಗಂಟು ಹೊಲಿದಿದ್ದಳು. ಅದರ ಮೇಲೆ ಅವಳೇ ಹೊಲಿದಿಟ್ಟಿದ್ದ ಸೆಣಬಿನ ಅಂಗಿ. ಕೆಂಪು ಟೋಪಿಯ ಮುದುಕರು ಎದೆಗೆ ಪದಕ ಚುಚ್ಚಲು ಬಂದಾಗ "ದೂರ ಇಡ್ರಿ ಅದನ್ನ" ಎಂದು ಗದರಿಸಿ ಓಡಿಸಿದ್ದಳು. ಪಾನ್ಯಾ ಪೆಟ್ಟಿಗೆಯ ತಲೆಯ ಕಡೆ ಕೂತು, ಬಂದವರೆಲ್ಲ ತಬ್ಬಿಕೊಳ್ಳಲಿ ಎಂಬಂತೆ ಅಳುತ್ತಿದ್ದಳು. ಕೆಲಸ ಇವಳಿಗೆ, ಅಳು ಅವಳಿಗೆ.

ದಾರಿ ತೋರಿಸುವ ಹಾಡು ಆಗದೆ ಏನೂ ಶುರುವಾಗುವಂತಿಲ್ಲ. ಡೋಲು ಬಾರಿಸುವಂತಿಲ್ಲ, ಬಿದಿರು ಕೊಳವೆಯ ಖೇಂಗ್ ಊದುವಂತಿಲ್ಲ. ಸತ್ತವನ ಆತ್ಮವನ್ನು ಸತ್ತ ಊರಿಂದ ಹಿಂದಕ್ಕೆ, ಬದುಕಿದ ಒಂದೊಂದೇ ಊರಿಗೂ ಕರೆದೊಯ್ದು, ಅಲ್ಲಿ ಕುಡಿದ ನೀರಿಗೆ, ಸುಟ್ಟ ಸೌದೆಗೆ ಋಣ ಹೇಳಿಸಿ, ಕೊನೆಗೆ ಹುಟ್ಟಿದ ಮನೆಯ ನಡುಗಂಬದ ಕೆಳಗೆ ಹೂತ ಹೆರಿಗೆಯ ಮಾಸಿನ ಹತ್ತಿರ ಬಿಡಬೇಕು. ಆ ಮಾಸನ್ನು ಅಂಗಿಯಂತೆ ತೊಟ್ಟುಕೊಂಡರೇ ಹಿರಿಯರ ಊರಿಗೆ ಪ್ರವೇಶ. ನಡುವೆ ಒಂದು ಊರು ತಪ್ಪಿದರೆ ಆತ್ಮ ಅಲ್ಲೇ ದಿಕ್ಕೆಟ್ಟು ನಿಲ್ಲುತ್ತದೆ.

ಹಾಡುವವನು ನಿಯಾ ಪಾವ್, ಥಾವ್ ಕುಲದವನೇ, ಕುಲದ ಲೆಕ್ಕದಲ್ಲಿ ಸತ್ತವನಿಗೆ ತಮ್ಮನಾಗಬೇಕು. ಅವನು ಫೆಂಗ್‌ನನ್ನು ಕೇಳಿದ. ಫೆಂಗ್ ವಾಸಾದಿಂದ ಶಿಬಿರದವರೆಗೆ ಹೇಳಿದ. ಪಾನ್ಯಾ ಶಿಬಿರದಿಂದ ಲಾಂಗ್ ಚೆಂಗ್‌ವರೆಗೆ ಹೇಳಿದಳು. ಅದರ ಹಿಂದೆ ಇಪ್ಪತ್ತೆಂಟು ವರ್ಷ ಉಳಿದಿತ್ತು. ಸತ್ತವನ ಒಡಹುಟ್ಟಿದವರು ಒಬ್ಬರೂ ಉಳಿದಿರಲಿಲ್ಲ.

ನಿಯಾ ಪಾವ್ ಛತ್ರದ ಅಡಿಗೆಮನೆಗೆ ಬಂದ. ಹಂದಿ ಮಾಂಸ ಬೇಯುವ ಹಂಡೆಗಳ ಹಬೆಯಲ್ಲಿ ಬ್ಲಿಯಾ ನಿಂಬೆಹುಲ್ಲು ಕೊಚ್ಚುತ್ತಿದ್ದಳು.

"ಅತ್ತಿಗೆ, ಅಣ್ಣನ ಹಿಂದಿನ ಊರುಗಳು ಹೇಳ್ಬಿಡಿ. ಹೊತ್ತಾಯ್ತು."

"ಅತ್ತಿಗೆ ಅಲ್ಲಿ ಕೂತವ್ಳೆ ನೋಡು, ಪೆಟ್ಟಿಗೆ ಹತ್ರ. ನಾನು ಕಾಗದದಲ್ಲಿ ನಿಂಗೆ ಅಕ್ಕ."

"ಸರಿ, ಅಕ್ಕ ಅಂತ್ಲೇ ಇಟ್ಕೊಳ್ಳಿ. ಅಣ್ಣ ಹುಟ್ಟಿದೂರು ತಂಗಿಗಾದ್ರೂ ಗೊತ್ತಿರ್ಬೇಕಲ್ಲ?"

ಅಡಿಗೆಮನೆಯ ಹೆಂಗಸರು ಬಾಯಿಗೆ ಸೆರಗಿಲ್ಲದ ಕಾರಣ ಮೊಣಕೈ ಅಡ್ಡ ಇಟ್ಟು ನಕ್ಕರು. ಬ್ಲಿಯಾ ನಗಲಿಲ್ಲ. "ಮರ್ತೋಗಿದೆ," ಎಂದಳು.

ನಿಯಾ ಪಾವ್ ಅವಳ ಮುಖ ನೋಡಿದ. ಎಪ್ಪತ್ತೊಂಬತ್ತು ವರ್ಷ, ಸಂತೆಯಲ್ಲಿ ಯಾರು ಎರಡು ವರ್ಷದ ಹಿಂದೆ ಯಾವ ಸೊಪ್ಪು ವಾಪಸು ಕೊಟ್ಟರು ಎಂಬುದನ್ನೂ ಮರೆಯದ ಹೆಂಗಸು. ತಿರುಗಿ ಹೊರಗೆ ಹೋದ.

ಹೊರಗೆ ಗುಸುಗುಸು ಎದ್ದಿತು. ಡೋಲಿನವನು ಕೋಲು ಕೆಳಗಿಟ್ಟ. ಮುನ್ನೂರು ಜನ ಮಡಿಸುವ ಕುರ್ಚಿಗಳ ಮೇಲೆ ಕೂತು ಮೂಕ ಪೆಟ್ಟಿಗೆಯನ್ನು ನೋಡತೊಡಗಿದರು. ಕೆಂಪು ಟೋಪಿಯ ಮುದುಕರು ಗಡಿಯಾರ ನೋಡಿಕೊಂಡರು. ಸೋಮವಾರ ಹನ್ನೊಂದು ಗಂಟೆಗೆ ಸರ್ಕಾರ ಕಾಯುವುದಿಲ್ಲ.

ಪಾನ್ಯಾ ಅಡಿಗೆಮನೆಗೆ ಬಂದಳು. ಕಣ್ಣು ಊದಿತ್ತು. ಉಳಿದ ಹೆಂಗಸರು ಒಬ್ಬೊಬ್ಬರೇ ಏನೋ ನೆಪ ತೆಗೆದು ಹೊರಟರು, ಆದರೆ ಬಾಗಿಲ ಹತ್ತಿರವೇ ನಿಂತರು.

"ಅಕ್ಕಾ, ಅವರನ್ನ ದಾರೀಲಿ ನಿಲ್ಲಿಸ್ಬೇಡ."

"ನಾನೆಲ್ಲಿ ನಿಲ್ಲಿಸ್ದೆ? ನೀನು ಹೆಂಡ್ತಿ, ನೀನು ಕರ್ಕೊಂಡು ಹೋಗು."

"ಏನು ಬೇಕು ನಿಂಗೆ, ಬಾಯಿ ಬಿಟ್ಟು ಹೇಳು. ಆ ಜಾಗ ಬೇಕಾ? ತಗೋ. ಫೆಂಗ್‌ಗೆ ಹೇಳ್ತೀನಿ, ಫೋನ್ ಮಾಡ್ಲಿ."

"ನೀನು ತಗೋ ಅಂದ್ರೆ ಅವರು ಕೊಡ್ತಾರಾ? ತಂಗೀನ ಅಣ್ಣನ ಮೇಲೆ ಮಲಗಿಸ್ತಾರಾ ನಿನ್ನ ಸರ್ಕಾರದವರು?" ಬ್ಲಿಯಾ ಕತ್ತಿಯನ್ನು ಹಲಗೆಯ ಮೇಲೆ ಇಟ್ಟಳು. "ನಂಗಂತೂ ಇಲ್ಲ. ನಿಂಗೂ ಬೇಡ."

"ಅಂದ್ರೆ?"

"ಕಲ್ಲಿನ ಹಿಂಬದಿ ಖಾಲಿ ಇರ್ಲಿ. ನಾನು ಮಲಗದ ಕಡೆ ನೀನೂ ಮಲಗ್ಬೇಡ."

ಹಂಡೆಯೊಂದು ಉಕ್ಕಿ ಒಲೆಯ ಮೇಲೆ ಚುರ್ ಎಂದಿತು. ಪಾನ್ಯಾ ಹೋಗಿ ಉರಿ ಸಣ್ಣ ಮಾಡಿ, ತಿರುಗಿ ನಿಂತಳು. ಅವಳ ದನಿ ಬೇರೆಯಾಗಿತ್ತು. ಐವತ್ತು ವರ್ಷದಲ್ಲಿ ಬ್ಲಿಯಾ ಕೇಳದ ದನಿ.

"ನಂಗೆ ಹೊಟ್ಟೆಕಿಚ್ಚಿಲ್ಲ ಅಂದ್ಕೊಂಡಿದೀಯಾ? ಅವರಿಗೆ ಜ್ವರ ಬಂದಾಗೆಲ್ಲ ಯಾರ ಹೆಸರು ಕೂಗ್ತಿದ್ರು ಗೊತ್ತಾ? ಲಕ್ವ ಹೊಡೆದ ದಿನ ಆಸ್ಪತ್ರೆಲಿ ನನ್ನ ಮುಖ ನೋಡಿ 'ಬ್ಲಿಯಾ ಎಲ್ಲಿ' ಅಂದ್ರು. ನನ್ನ ಕೈಯಿಂದ ಗಂಜಿ ಕುಡೀತಾ! ಆ ನರ್ಸು ನನ್ನೇ ಬ್ಲಿಯಾ ಅಂದ್ಕೊಂಡು ಒಂದು ವಾರ ಹಾಗೇ ಕರೆದ್ಲು. ಅಲ್ಲ ಅನ್ನೋಕೆ ನಾಚಿಕೆಯಾಗಿ ಸುಮ್ನಿದ್ದೆ. ಆ ಕಲ್ಲಲ್ಲಿ... ಅಲ್ಲಾದ್ರೂ ನಾನೊಬ್ಳೇ ಇರ್ತೀನಿ ಅಂದ್ಕೊಂಡೆ. ಒಂದೇ ಒಂದು ಜಾಗದಲ್ಲಿ, ನೀನಿಲ್ದೆ."

ಬ್ಲಿಯಾಳ ಒಳಗೆ ಏನೋ ಸಿಹಿ ಇಳಿಯಿತು. ಬಿಸಿ ಬಿಸಿ, ಗಂಟಲಿಂದ ಹೊಟ್ಟೆಯವರೆಗೆ. ಬ್ಲಿಯಾ ಎಲ್ಲಿ ಅಂದನಂತೆ. ಅಂದವನು ಕೆಳಕೋಣೆಗೆ ಒಂದು ಸಲ ಇಳಿದು ಬರಬಾರದಿತ್ತೇ? ಸಿಹಿ ಇಳಿದ ಜಾಗದಲ್ಲೇ ಸಿಟ್ಟು ಏರಿತು. ಕನಿಕರವೂ ಬಂತು, ಇಲ್ಲವೆನ್ನುವಂತಿಲ್ಲ. ಆದರೆ ಬಿಟ್ಟುಕೊಡುವಷ್ಟು ಬರಲಿಲ್ಲ.

"ಅದಕ್ಕೇ ಬೇಡ ಅಂದಿದ್ದು," ಎಂದಳು. "ನಾನಿಲ್ದೆ ನೀನೊಬ್ಳೇ ಇರೋ ಜಾಗ ಅವರ ಹತ್ರ ಎಲ್ಲೂ ಬೇಡ."

"ಕಲ್ಲಿನಂಥವಳು ನೀನು."

"ಕಲ್ಲಾದ್ರೂ ಆದ್ನಲ್ಲ ನಾನು. ನಿನ್ನ ಮಗನ್ನ ಕರಿ."

ಫೆಂಗ್ ಬಾಗಿಲಲ್ಲೇ ಇದ್ದ. ಪಾನ್ಯಾ ಅವನ ಕಡೆ ನೋಡದೆ ಹೇಳಿದಳು, "ಫೋನ್ ಮಾಡಪ್ಪ. ನಮ್ಮವ್ವಂಗೆ ಆ ಜಾಗ ಬೇಡ್ವಂತೆ ಅನ್ನು."

"ಅವ್ವ, ನಿಂಗೆ ತಲೆ ಕೆಟ್ಟಿದ್ಯಾ? ಸಾವಿನ ಮನೇಲಿ, ಮುನ್ನೂರು ಜನ ಕಾಯ್ತಿರುವಾಗ..." ಅವನು ದೊಡ್ಡವ್ವನ ಕಡೆ ತಿರುಗಿದ. ಗಟ್ಟಿಯಾಗಿ ಬೈಯಲು ಬಾಯಿ ತೆರೆದ. ಬ್ಲಿಯಾ ಅವನನ್ನೇ ನೋಡುತ್ತಿದ್ದಳು. ಯಾರ ಬೆನ್ನ ಮೇಲೆ ಕೂತು ನದಿ ದಾಟಿದೆ ಎಂಬುದನ್ನು ಅವಳು ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ, ಈಗಲೂ ಹೇಳಲಿಲ್ಲ. ಫೆಂಗ್ ಬಾಯಿ ಮುಚ್ಚಿಕೊಂಡು ಫೋನು ತೆಗೆದ.

"ಇಲ್ಲೇ ಮಾಡು," ಎಂದಳು ಬ್ಲಿಯಾ. "ನಂಗೆ ಕೇಳೋ ಹಾಗೆ."

ಅವನು ಅಲ್ಲೇ ಮಾಡಿದ. ಆ ಕಡೆಯ ಹೆಂಗಸು ಎರಡು ಸಲ ಕೇಳಿದಳು. ಆಮೇಲೆ, ಅದು ತಾಯಿಯವರ ಇಷ್ಟ, ಅರ್ಜಿಯ ಆ ಭಾಗ ರದ್ದು ಮಾಡುತ್ತೇನೆ, ಸೋಮವಾರ ಬಂದಾಗ ಒಂದು ಸಹಿ ಹಾಕಲಿ ಎಂದಳು. ಕಾರಣ ಕೇಳಲಿಲ್ಲ. ಬ್ಲಿಯಾ ಕೈ ತೊಳೆದುಕೊಂಡು, ಬಟ್ಟೆಗೆ ಒರೆಸಿಕೊಂಡು ಹೊರಗೆ ನಡೆದಳು.

ಪೆಟ್ಟಿಗೆಯ ಪಕ್ಕದಲ್ಲಿ ನಿಯಾ ಪಾವ್‌ನ ಹಿಂದೆ ನಿಂತಳು. ಅವನು ಹಾಡು ಎತ್ತಿದ. ವಾಸಾದ ಮನೆಯ ನಲ್ಲಿ ನೀರಿಗೆ ಋಣ, ಶಿಬಿರದ ಬಾವಿಗೆ ಋಣ, ನದಿಗೆ ಋಣ. ನದಿಯ ಹೆಸರು ಬಂದಾಗ ಬ್ಲಿಯಾ ಪೆಟ್ಟಿಗೆಯ ಅಂಚು ಹಿಡಿದುಕೊಂಡಳು. ಆಮೇಲೆ ನಿಯಾ ಪಾವ್ ನಿಲ್ಲಿಸಿ ಅವಳ ಕಡೆ ಕಿವಿ ಕೊಟ್ಟ.

"ಪೂ ಹೇ," ಎಂದಳು. "ಎರಡು ಮಳೆಗಾಲ. ನೀರು ಕೆಳಗಿನ ಝರಿಯಿಂದ."

"ಲಾಂಗ್ ಚೆಂಗ್ ಬಿಟ್ಟೆ ಅಕ್ಕಾ," ಎಂದಳು ಪಾನ್ಯಾ ಹಿಂದಿನಿಂದ, ಮೆಲ್ಲಗೆ.

"ಬಿಟ್ಟಿಲ್ಲ. ಅದು ನಿನ್ನೂರು, ನೀನೇ ಹೇಳು."

ಪಾನ್ಯಾ ಹೇಳಿದಳು. ಹೇಳುವಾಗ ದನಿ ಬಿರಿಯಿತು. ಆಮೇಲೆ ಬ್ಲಿಯಾಳದೇ ಸರದಿ, ಇನ್ನು ಯಾರೂ ಬಾಯಿ ಹಾಕುವಂತಿರಲಿಲ್ಲ. ಪೂ ಹೇ. ಬಾಂಬು ಬಿದ್ದು ಓಡಿಬಂದ ನಾ ಖಾಂಗ್. ಮಗ ಹುಟ್ಟಿದ ಹುವೈ ಸಾಂಗ್, ಅಲ್ಲಿ ಸೌದೆಗೆ ಹಸಿ ಬಿದಿರೇ ಗತಿ, ಹೊಗೆಗೆ ಮೂರು ತಿಂಗಳು ಕಣ್ಣು ಬಿಡಲಾಗಿರಲಿಲ್ಲ. ಮಗಳು ಹುಟ್ಟಿದ ಕಣಿವೆ, ಅದಕ್ಕೆ ಹೆಸರಿರಲಿಲ್ಲ, ಮೂರು ಅತ್ತಿಮರದ ಕಣಿವೆ ಎನ್ನು ಎಂದಳು. ಅವಳನ್ನು ಮದುವೆಯಾಗಿ ಕರೆತಂದ ಊರು. ಅದರ ಹಿಂದೆ ಅವನು ಹುಟ್ಟಿದ ಊರು, ಮನೆ, ಮನೆಯ ನಡುಗಂಬ. ಅತ್ತೆ ಹೊಸ ಸೊಸೆಯನ್ನು ಅಲ್ಲಿಗೆ ಕರೆದೊಯ್ದು ಆ ಕಂಬ ಮುಟ್ಟಿ ತೋರಿಸಿದ್ದಳು: ನಿನ್ನ ಗಂಡನ ಅಂಗಿ ಇಲ್ಲಿದೆ.

ಮುನ್ನೂರು ಜನ ಕೇಳುತ್ತಿದ್ದರು. ಪಾನ್ಯಾಳಿಗೆ ಒಂದು ಊರು, ತನಗೆ ಆರು. ಬ್ಲಿಯಾ ಅದನ್ನು ಎಣಿಸಿದಳು, ಎಣಿಸಿದ್ದಕ್ಕೆ ನಾಚಲೂ ಇಲ್ಲ. ಡೋಲಿಗೆ ಪೆಟ್ಟು ಬಿದ್ದಿತು. ಖೇಂಗ್ ಎದ್ದಿತು.

ಸೋಮವಾರ ಸ್ಮಶಾನದಲ್ಲಿ ಗಾಳಿ ಮುಖಕ್ಕೆ ರಾಚುತ್ತಿತ್ತು. ಏಳು ಬಂದೂಕು ಮೂರು ಸಲ ಹಾರಿದವು. ಕೆಂಪು ಟೋಪಿಯ ಮುದುಕರು ಅಲುಗದೆ ನಿಂತು ಹಣೆಗೆ ಕೈ ಹಚ್ಚಿದರು. ಅವರಲ್ಲಿ ಇಬ್ಬರಿಗೆ ಊರುಗೋಲು. ಇಬ್ಬರು ಎಳೆಯ ಸೈನಿಕರು ಪೆಟ್ಟಿಗೆಯ ಮೇಲಿನ ಬಾವುಟ ಎತ್ತಿ, ಮಡಿಸಿ ಮಡಿಸಿ, ನಕ್ಷತ್ರ ಮಾತ್ರ ಕಾಣುವ ತ್ರಿಕೋನ ಮಾಡಿದರು. ಒಬ್ಬ ಅದನ್ನು ಹಿಡಿದು ಬಂದು, ಪಾನ್ಯಾಳ ಮುಂದೆ ಮಂಡಿಯೂರಿದ.

ಬ್ಲಿಯಾ ಅದನ್ನು ಯೋಚಿಸಿಯೇ ಇರಲಿಲ್ಲ. ಚಳಿಗಾಲ ಪೂರ್ತಿ ಕಲ್ಲು, ಕಲ್ಲು ಎಂದು ಹೊಟ್ಟೆ ಸುಟ್ಟುಕೊಂಡವಳಿಗೆ ಬಾವುಟದ ನೆನಪೇ ಬಂದಿರಲಿಲ್ಲ. ಮುದುಕ ಕೊನೆಯವರೆಗೂ ಕೇಳಿದ್ದು ಅದನ್ನೇ. ಈಗ ಮೀಸೆ ಮೂಡದ ಬಿಳಿ ಹುಡುಗ ಪಾನ್ಯಾಳ ಕಣ್ಣಲ್ಲಿ ಕಣ್ಣಿಟ್ಟು, ಈ ದೇಶ ನಿಮ್ಮ ಗಂಡನಿಗೆ ಋಣಿ ಎಂದು ಹೇಳುತ್ತಿದ್ದ. ನಿಮ್ಮ ಗಂಡ! ಬ್ಲಿಯಾಳ ಕೈ ತಾನಾಗಿ ಮುಂದೆ ಬಂತು. ಎರಡನೇ ಸಾಲಿನ ಕುರ್ಚಿಯಿಂದ ಅದು ಎಲ್ಲಿಗೂ ಮುಟ್ಟಲಿಲ್ಲ. ಕೈಯನ್ನು ಹಿಂದೆ ಎಳೆದುಕೊಂಡು ಸೊಂಟದ ಪಟ್ಟಿ ಸರಿಮಾಡಿಕೊಂಡವಳಂತೆ ನಟಿಸಿದಳು.

ಕಚೇರಿಯ ಹೆಂಗಸು ಬಂದು ಪಾನ್ಯಾಳ ಮುಂದೆ ಕಾಗದ ಹಿಡಿದಳು. ಪಾನ್ಯಾ ಬಾವುಟವನ್ನು ಕಂಕುಳಲ್ಲಿ ಇರುಕಿಕೊಂಡೇ ಸಹಿ ಹಾಕಿದಳು.

ಕಾರಿನಲ್ಲಿ ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತಿದ್ದರು.

"ಸ್ವಲ್ಪ ಹೊತ್ತು ಹಿಡ್ಕೋತೀಯಾ?" ಎಂದು ಕೇಳಿದಳು ಪಾನ್ಯಾ.

"ನಿಂಗೆ ಕೊಟ್ಟಿದ್ದು. ನೀನೇ ಹೊತ್ಕೋ," ಎಂದು ಬ್ಲಿಯಾ ಕಿಟಕಿಯ ಕಡೆ ತಿರುಗಿದಳು. ಹಿಡಿದುಕೊಂಡಿದ್ದರೆ ಮತ್ತೆ ಕೊಡುತ್ತಿರಲಿಲ್ಲ. ಅದು ಅವಳಿಗೇ ಗೊತ್ತಿತ್ತು.

ಜೂನ್ ತಿಂಗಳಲ್ಲಿ, ಹೊಸ ಕಲ್ಲು ನೆಟ್ಟ ಮೇಲೆ, ಅವಳು ಒಮ್ಮೆ ಹೋಗಿ ಹಿಂಬದಿಗೆ ಕೈ ಆಡಿಸಿ ನೋಡಿ ಬಂದಳು. ನುಣ್ಣಗಿತ್ತು. ಅದೇ ವಾರ ಫೆಂಗ್ ಇಬ್ಬರನ್ನೂ ಊರಾಚೆಯ ದಿಬ್ಬಕ್ಕೆ ಕರೆದೊಯ್ದ. ಅಲ್ಲಿ ಹ್ಮೋಂಗ್ ಜನ ಕೊಂಡ ಖಾಸಗಿ ಸ್ಮಶಾನ, ಬೆಟ್ಟಕ್ಕೆ ಬೆನ್ನು ಕೊಟ್ಟು ಮಲಗಬಹುದಾದ ಜಾಗ. ಉಳಿದಿದ್ದು ಎರಡೇ, ಒಂದರ ಮೇಲುಗಡೆ ಇನ್ನೊಂದು, ಇಳಿಜಾರಿನಲ್ಲಿ. ಸುತ್ತ ಎಲ್ಲಾ ತುಂಬಿತ್ತು.

ಆಗ ಬ್ಲಿಯಾಳಿಗೆ ಹೊಳೆಯಿತು. ಗಂಡನ ಪಕ್ಕದಿಂದ ಇವಳನ್ನು ಎಬ್ಬಿಸಿದ್ದಾಯಿತು. ಎಬ್ಬಿಸಿ ತನ್ನ ಪಕ್ಕಕ್ಕೇ ತಂದುಕೊಂಡದ್ದಾಯಿತು. ಅವನು ಅಲ್ಲಿ ಬಿಳಿಯರ ಸಾಲಿನಲ್ಲಿ ಒಬ್ಬನೇ ಆರಾಮಾಗಿ ಮಲಗಿರುತ್ತಾನೆ. ಇಲ್ಲಿ ಮಣ್ಣು ಮಣ್ಣಾಗುವವರೆಗೆ ಸವತಿ.

"ಬೇರೆ ಕಡೆ ಇಲ್ವಾ?" ಎಂದಳು.

"ಇಲ್ಲ ದೊಡ್ಡವ್ವ. ಇದೇ ಕೊನೇದು. ನಾನಿವತ್ತು ಕೈ ಮುಗೀತೀನಿ, ಜಗಳ ಬೇಡ."

ಪಾನ್ಯಾ ಆಗಲೇ ಮೇಲಿನ ಜಾಗದಲ್ಲಿ ಹೋಗಿ ನಿಂತಿದ್ದಳು. ಅಲ್ಲಿಂದ ದೂರದಲ್ಲಿ ನದಿ ಕಾಣುತ್ತಿತ್ತು.

"ಇಳಿ," ಎಂದಳು ಬ್ಲಿಯಾ. "ಮೇಲಿನದು ನಂದು."

"ಯಾಕೆ?"

"ನಾನು ಮೊದ್ಲು ಬಂದವ್ಳು."

ಪಾನ್ಯಾ ಇಳಿದಳು. ಕೆಳಗಿನ ಜಾಗದಲ್ಲಿ ನಿಂತು, ಮೇಲಕ್ಕೊಮ್ಮೆ, ತನ್ನ ಕಾಲ ಬುಡಕ್ಕೊಮ್ಮೆ ನೋಡಿದಳು. "ಮಳೆ ಬಂದ್ರೆ ನಿನ್ ಮೇಲಿನ ನೀರೆಲ್ಲಾ ನನ್ ಮೇಲೇ ಹರಿಯತ್ತಲ್ಲ ಅಕ್ಕಾ."

"ಹರೀಲಿ," ಎಂದಳು ಬ್ಲಿಯಾ, ತನ್ನ ಜಾಗವನ್ನು ಹೆಜ್ಜೆ ಹಾಕಿ ಅಳೆಯುತ್ತಾ.